ಹೊಳೆಯಾಚೆಯ ಕಾಲೇಜು, ಏಳು ವರ್ಷದ ಲೆಕ್ಕ

ಅಡಿಕೆ ಮರ ಕಾಣದ, ಕಾಫಿ ಗಿಡ ಬದುಕದ ಶಕ್ತಿನಗರದ ಮಾತು ನಮ್ಮ ಪತ್ರಿಕೆಯಲ್ಲಿ ಏಕೆ ಎಂದು ಸದಸ್ಯ ಬಂಧುಗಳು ಕೇಳಬಹುದು. ಕಾರಣ ಎರಡಿವೆ. ಮೊದಲನೆಯದು, 1970ರಲ್ಲಿ ಹುಟ್ಟಿದ ವಿದ್ಯುತ್ ನಿಗಮದ ನೌಕರಿ ಹಿಡಿದ ಮಲೆನಾಡಿನ, ಕರಾವಳಿಯ ಹುಡುಗರು ಜೋಗ, ಅಂಬಿಕಾನಗರ, ಶಕ್ತಿನಗರ ಎಂದು ವರ್ಗವಾಗುತ್ತ ಹೋದರು. ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಮೊದಲನೆಯ ಘಟಕ 1985ರಲ್ಲಿ ಶುರುವಾದಾಗಿನಿಂದ, ತೋಟವನ್ನು ಅಣ್ಣನಿಗೆ ಬಿಟ್ಟು ಕೃಷ್ಣೆಯ ದಂಡೆಯಲ್ಲಿ ಸಂಸಾರ ಹೂಡಿದ ತಮ್ಮಂದಿರು ನಮ್ಮ ಕಡೆಯ ಮನೆಗಳಲ್ಲಿ ಇದ್ದಾರೆ. ಎರಡನೆಯದು, ರಾಜ್ಯದ ಗಡಿ ಎಂಬುದು ಕಾಲೇಜಿನ ಫೀಸಿನ ಮೇಲೆ ಏನು ಮಾಡುತ್ತದೆ ಎಂದು ಕಣ್ಣಿಗೆ ಕಾಣುವ ಹಾಗೆ ತೋರಿಸಲು ಶಕ್ತಿನಗರದ ಸೇತುವೆಗಿಂತ ಒಳ್ಳೆಯ ಜಾಗ ನಮಗೆ ತಿಳಿದಂತೆ ಇನ್ನೊಂದಿಲ್ಲ.

ಸೇತುವೆಯ ಈ ಕಡೆ ದೇವಸೂಗೂರು, ಶಕ್ತಿನಗರ. ರಾಯಚೂರು ಜಿಲ್ಲೆ, ಕರ್ನಾಟಕ. ಆ ಕಡೆ ಕೃಷ್ಣಾ ಎಂಬ ಊರು, ಅದೇ ಹೆಸರಿನ ರೈಲ್ವೆ ನಿಲ್ದಾಣ. ನಾರಾಯಣಪೇಟೆ ಜಿಲ್ಲೆ, ತೆಲಂಗಾಣ. ಎರಡು ದಂಡೆಗಳೂ ಹಿಂದೆ ಒಂದೇ ಹೈದರಾಬಾದ್ ಸಂಸ್ಥಾನದಲ್ಲಿದ್ದವು. 1956ರ ನವೆಂಬರ್ 1ರಂದು ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಆಚೆ ದಂಡೆ ಆಂಧ್ರಕ್ಕೆ ಹೋಯಿತು. ಅದೇ ದಿನ ನಮ್ಮ ಕಾಸರಗೋಡು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿತು ಎಂಬುದನ್ನು ಓದುಗರಿಗೆ ನೆನಪಿಸಬೇಕಾಗಿಲ್ಲ. ಕೃಷ್ಣೆಯ ಆಚೆ ದಂಡೆಯ ಹಳ್ಳಿಗಳಲ್ಲಿ ಇಂದಿಗೂ ಕನ್ನಡ ಮಾತು ಕೇಳುತ್ತದೆ. ಬದಿಯಡ್ಕ, ಪೆರ್ಲ, ಮಂಜೇಶ್ವರದಲ್ಲಿ ಕೇಳುವುದಿಲ್ಲವೇ, ಹಾಗೆಯೇ.

ಈಗ ಕಾಲೇಜಿನ ಮಾತು. ಕರ್ನಾಟಕದ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜನ್ನು ತೆಗೆದುಕೊಳ್ಳಿ. ಅಲ್ಪಸಂಖ್ಯಾತರದಲ್ಲದ ಕಾಲೇಜುಗಳಲ್ಲಿ ಸಾಮಾನ್ಯವಾಗಿ ನೂರರಲ್ಲಿ 45 ಸೀಟು ಸರಕಾರದ್ದು. ಅದನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸಿ.ಇ.ಟಿ. ರ‍್ಯಾಂಕಿನ ಮೇಲೆ ಹಂಚುತ್ತದೆ. 30 ಸೀಟು ಕಾಮೆಡ್-ಕೆ ಪರೀಕ್ಷೆಗೆ, 25 ಸೀಟು ಆಡಳಿತ ಮಂಡಳಿಗೆ. ಒಂದೇ ಬೆಂಚಿನಲ್ಲಿ ಕೂತ ಮೂವರು ಒಂದೇ ಪಾಠ ಕೇಳಿ ಒಂದೇ ಪರೀಕ್ಷೆ ಬರೆಯುತ್ತಾರೆ. ಆದರೆ ಕಾಮೆಡ್-ಕೆ ಸೀಟಿನವನು ಸರಕಾರಿ ಸೀಟಿನವನ ಎರಡು ಪಟ್ಟಿಗೂ ಮೇಲೆ ಫೀಸು ಕಟ್ಟುತ್ತಾನೆ. ಆಡಳಿತ ಮಂಡಳಿಯ ಸೀಟಿನವನು ಎಷ್ಟು ಕಟ್ಟಿದನೆಂಬುದು ಅವನಿಗೂ ಅವನ ತಂದೆಗೂ ಗೊತ್ತು. ವೈದ್ಯಕೀಯದಲ್ಲಿ ಈ ಅಂತರ ಇನ್ನೂ ಭಯಂಕರ. ಹೊರರಾಜ್ಯದ ಹುಡುಗನಿಗೆ ಸಾಮಾನ್ಯವಾಗಿ ಮೊದಲನೆಯ ಗುಂಪಿನ ಸೀಟು ದಕ್ಕುವುದಿಲ್ಲ. ಗಡಿ ದಾಟಿದರೆ ಬೀಳುವ ಸುಂಕ ಇದೇ. ನಾಲ್ಕು ವರ್ಷದಲ್ಲಿ ಈ ಸುಂಕ ಸಣ್ಣ ಹಿಡುವಳಿಯ ಒಂದೆರಡು ಫಸಲನ್ನು ನುಂಗಿಬಿಡಬಹುದು. ಯಾವ ವಿದ್ಯಾರ್ಥಿವೇತನವೂ ಅದನ್ನು ತುಂಬಿಕೊಡಲಾರದು.

ಅಮೆರಿಕದಲ್ಲಿಯೂ ಹೊರರಾಜ್ಯದ ವಿದ್ಯಾರ್ಥಿಗೆ ಫೀಸು ಹೆಚ್ಚು. ಅಲ್ಲಿ ರಾಜ್ಯಗಳೇ ತಮ್ಮತಮ್ಮೊಳಗೆ ಒಪ್ಪಂದ ಮಾಡಿಕೊಂಡಿವೆ. ಈಶಾನ್ಯದ ನ್ಯೂ ಇಂಗ್ಲೆಂಡ್ ರಾಜ್ಯಗಳು 1957ರಲ್ಲಿಯೇ ಇಂಥದೊಂದನ್ನು ಆರಂಭಿಸಿದವು. ಪಶ್ಚಿಮದ ರಾಜ್ಯಗಳ ಒಪ್ಪಂದದಲ್ಲಿ ನೆರೆರಾಜ್ಯದ ವಿದ್ಯಾರ್ಥಿ ಸ್ಥಳೀಯನ ಫೀಸಿನ ಒಂದೂವರೆ ಪಟ್ಟಿಗಿಂತ ಹೆಚ್ಚು ಕಟ್ಟಬೇಕಿಲ್ಲ. ನಮ್ಮಲ್ಲಿ ಕರ್ನಾಟಕ, ಕೇರಳ, ತೆಲಂಗಾಣಗಳ ನಡುವೆ ಅಂಥ ಒಪ್ಪಂದವಿಲ್ಲ. ಇರುವುದು ಪ್ರವೇಶ ನಿಯಮಗಳ ಒಳಗೆ ಅಲ್ಲಲ್ಲಿ ಇಟ್ಟ ಕಿಂಡಿಗಳು. ಅವು ಎಲ್ಲಿವೆ ಎಂದು ಮೊದಲೇ ಗೊತ್ತಿದ್ದವರು ಒಳಗೆ ಹೋಗುತ್ತಾರೆ. ಪಿ.ಯು.ಸಿ. ಮುಗಿದ ಮೇಲೆ ಮೇ ತಿಂಗಳಲ್ಲಿ ಹುಡುಕಲು ಹೊರಟವರಿಗೆ ಬಹಳ ಸಲ ಬಾಗಿಲು ಮುಚ್ಚಿರುತ್ತದೆ. ಇದನ್ನೇ ನಾವು ಒತ್ತಿ ಹೇಳಬೇಕೆಂದಿರುವುದು.

ಮುಖ್ಯ ಬಾಗಿಲು ಏಳು ವರ್ಷದ್ದು. ಒಂದನೇ ತರಗತಿಯಿಂದ ದ್ವಿತೀಯ ಪಿ.ಯು.ಸಿ.ಯವರೆಗಿನ ಹನ್ನೆರಡು ವರ್ಷಗಳಲ್ಲಿ ಕನಿಷ್ಠ ಏಳು ಪೂರ್ಣ ವರ್ಷ ಕರ್ನಾಟಕದ ಮಾನ್ಯತೆ ಪಡೆದ ಶಾಲೆ ಕಾಲೇಜುಗಳಲ್ಲಿ ಓದಿ ತೇರ್ಗಡೆಯಾಗಿರಬೇಕು, ಎಸ್.ಎಸ್.ಎಲ್.ಸಿ. ಇಲ್ಲವೆ ದ್ವಿತೀಯ ಪಿ.ಯು.ಸಿ. ಈ ಎರಡರಲ್ಲಿ ಒಂದನ್ನಾದರೂ ಕರ್ನಾಟಕದಲ್ಲಿ ಪಾಸು ಮಾಡಿರಬೇಕು. ಮನೆ ಎಲ್ಲಿದೆ, ತೋಟದ ಪಟ್ಟೆ ಯಾರ ಹೆಸರಿನಲ್ಲಿದೆ ಎಂದು ಈ ಕಲಂ ಕೇಳುವುದಿಲ್ಲ. ಹುಡುಗ ಎಲ್ಲಿ ಓದಿದ ಎಂದಷ್ಟೇ ಕೇಳುತ್ತದೆ. ಬೆರಳು ಮಡಚಿ ಎಣಿಸಿ ನೋಡಿ. ಆರನೇ ತರಗತಿಗೆ ಗಡಿ ದಾಟಿದರೆ ಆರು, ಏಳು, ಎಂಟು, ಒಂಬತ್ತು, ಹತ್ತು, ಪಿ.ಯು. ಎರಡು ವರ್ಷ, ಸರಿಯಾಗಿ ಏಳು. ಏಳನೇ ತರಗತಿಗೆ ದಾಟಿದರೆ ಆರೇ ವರ್ಷ. ನಡುವೆ ಒಂದು ತರಗತಿಯಲ್ಲಿ ನಪಾಸಾಗಿ ಎರಡು ವರ್ಷ ಕೂತರೂ ಅದನ್ನು ಒಂದೇ ವರ್ಷವೆಂದು ಎಣಿಸುತ್ತಾರೆ, ಆದ್ದರಿಂದ ಆ ಲೆಕ್ಕ ತುಂಬುವುದಿಲ್ಲ. ಎಂಟನೆಯದಕ್ಕೆ ಹೈಸ್ಕೂಲು ಎಂದು ಮಂಗಳೂರಿಗೋ ಪುತ್ತೂರಿಗೋ ಕಳುಹಿಸುವ ವಾಡಿಕೆ ನಮ್ಮ ಗಡಿಯ ಮನೆಗಳಲ್ಲಿದೆ. ಅದು ಓದಿಗೆ ಒಳ್ಳೆಯದಿರಬಹುದು, ಈ ಕಲಮಿಗೆ ಮಾತ್ರ ಎರಡು ವರ್ಷ ತಡ. ಅಡಿಕೆ ಸಸಿ ನೆಟ್ಟು ಆರೇಳು ವರ್ಷ ಕಾಯಬಲ್ಲ ನಮಗೆ ಇದು ಹೊಸ ಲೆಕ್ಕವೇನಲ್ಲ.

ಹಾಗೆಂದು ಆರನೇ ತರಗತಿಯ ಎಲ್ಲ ಮಕ್ಕಳನ್ನೂ ಹಾಸ್ಟೆಲಿಗೆ ಸೇರಿಸಿ ಎಂದು ನಾವು ಹೇಳುತ್ತಿಲ್ಲ. ಏಳು ವರ್ಷದ ಹಾಸ್ಟೆಲ್ ಖರ್ಚು, ಬಸ್ಸಿನ ಖರ್ಚು ಕೂಡಿಸಿದರೆ ಆಮೇಲೆ ಉಳಿಯುವ ಫೀಸನ್ನು ಅದೇ ತಿಂದುಹಾಕಬಹುದು. ಹನ್ನೊಂದು ವರ್ಷದ ಮಗುವನ್ನು ಮನೆಯಿಂದ ಹೊರಗಿಡುವುದರ ಬೆಲೆ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ತಲಪಾಡಿಯ ಬದಿಯಲ್ಲಿರುವವರು, ವಿಟ್ಲ, ಸುಳ್ಯಗಳಿಗೆ ಹತ್ತಿರ ಇರುವವರು, ಮನೆಯಿಂದಲೇ ಹೋಗಿಬರುವ ಹಾಗಿದ್ದರೆ ಯೋಚಿಸಲಿ. ಉಳಿದವರಿಗೆ ಬೇರೆ ದಾರಿಗಳಿವೆ.

ಆ ದಾರಿಗಳಲ್ಲಿ ನಮ್ಮ ಜನಕ್ಕೆ ಅತ್ಯಂತ ಕಡಿಮೆ ತಿಳಿದಿರುವುದು ತಂದೆತಾಯಿಯ ಓದಿನದು. ಹುಡುಗ ಅಥವಾ ಹುಡುಗಿ ಪಿ.ಯು.ಸಿ.ಯ ಎರಡು ವರ್ಷ ಮಾತ್ರ ಕರ್ನಾಟಕದಲ್ಲಿ ಓದಿ ಪಾಸಾಗಿದ್ದು, ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರು ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿದ್ದರೆ ಅಂಥವರೂ ಸರಕಾರಿ ಸೀಟಿಗೆ ಅರ್ಹರು. ಕುಂಬಳೆ, ನೀರ್ಚಾಲು, ಮುಳ್ಳೇರಿಯ ಸುತ್ತಿನ ಮನೆಗಳನ್ನು ನೋಡಿ. ಸೊಸೆಯಂದಿರು ಎಷ್ಟು ಜನ ಪುತ್ತೂರು, ವಿಟ್ಲ, ಬೆಳ್ತಂಗಡಿ, ಸುಳ್ಯದ ತವರಿನವರು! ಒಂದರಿಂದ ಹತ್ತರವರೆಗೆ ಅಲ್ಲಿಯ ಶಾಲೆಯಲ್ಲಿ ಓದಿದವರು. ಆ ತಾಯಿಯ ಹಳೆಯ ಶಾಲಾ ದಾಖಲೆಗೆ ಇಂದು ಲಕ್ಷಗಟ್ಟಲೆ ಬೆಲೆ ಇದೆ. ಆದರೆ ಅದು ತವರಿನ ಅಟ್ಟದಲ್ಲಿ ಗೆದ್ದಲು ತಿನ್ನುತ್ತಿರುತ್ತದೆ. ಓದಿದ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರ ಬರೆಸಿಕೊಳ್ಳಬೇಕು. ಶಾಲೆ ಮುಚ್ಚಿಹೋಗಿದ್ದರೆ ಅದರ ದಾಖಲೆ ಎಲ್ಲಿದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಮದುವೆಯ ನಂತರ ಹೆಸರು, ಇನಿಶಿಯಲ್ ಬದಲಾಗಿದ್ದರೆ ಇಬ್ಬರೂ ಒಬ್ಬರೇ ಎಂದು ತೋರಿಸುವ ಪತ್ರ ಜೊತೆಗಿರಬೇಕು. ಈ ಕೆಲಸಕ್ಕೆ ನಾಲ್ಕು ಸಲ ಓಡಾಡಬೇಕಾಗುತ್ತದೆ, ಆದ್ದರಿಂದ ಮಗು ಹತ್ತನೆಯ ತರಗತಿಯಲ್ಲಿರುವಾಗಲೇ ಹೊರಡುವುದು ಒಳ್ಳೆಯದು.

ಮೂರನೆಯ ದಾರಿ ಗಡಿನಾಡ ಕನ್ನಡಿಗರದು. ಮಾತೃಭಾಷೆ ಕನ್ನಡ, ತುಳು ಅಥವಾ ಕೊಡವ ಆಗಿದ್ದು ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳಲ್ಲಿ, ಇಲ್ಲವೆ ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ತಾಲ್ಲೂಕುಗಳಲ್ಲಿ ವಾಸವಿದ್ದು ಓದಿದವರಿಗೆ ಇದು ಅನ್ವಯಿಸುತ್ತದೆ. ಗಡಿ ದಾಟಿ ಶಾಲೆಗೆ ಹೋಗಬೇಕಾಗಿಲ್ಲ. ಊರ ಶಾಲೆಯಲ್ಲಿ ಓದಿ ಪ್ಲಸ್ ಟೂ ಮುಗಿಸಿದವರೂ ಬರಬಹುದು. ವಾಸದ ಬಗ್ಗೆ ಕಂದಾಯ ಇಲಾಖೆಯ ಪ್ರಮಾಣಪತ್ರ ಬೇಕು. ಸಿ.ಇ.ಟಿ.ಯ ಜೊತೆಗೆ ಪ್ರಾಧಿಕಾರ ನಡೆಸುವ ಕನ್ನಡ ಭಾಷಾ ಪರೀಕ್ಷೆಯಲ್ಲಿ ಪಾಸಾಗಬೇಕು. ಅದು 50 ಅಂಕದ ಪರೀಕ್ಷೆ, 12 ಬಂದರೆ ಸಾಕು. ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಇದು ನೀರು ಕುಡಿದ ಹಾಗೆ. ಆದರೆ ಮಲೆಯಾಳ ಅಥವಾ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿ, ಮನೆಯಲ್ಲಿಯೂ ಕನ್ನಡ ಅಕ್ಷರ ಕಲಿಸದೆ ಬಿಟ್ಟ ಮಗು 12 ಅಂಕಕ್ಕೂ ತಡವರಿಸೀತು. ಹಾಗೆಯೇ ಶಾಲೆಯ ದಾಖಲೆಯಲ್ಲಿ ಮಾತೃಭಾಷೆಯ ಕಾಲಮಿನಲ್ಲಿ ಏನು ಬರೆದಿದೆ ಎಂದು ಇಂದೇ ನೋಡಿಕೊಳ್ಳಿ. ಒಂದನೇ ತರಗತಿಗೆ ಸೇರಿಸುವಾಗ ಯಾರೋ ಅವಸರದಲ್ಲಿ ಬರೆದದ್ದು ಹನ್ನೆರಡು ವರ್ಷದ ಮೇಲೆ ಅಡ್ಡ ನಿಲ್ಲಬಾರದು.

ಇಲ್ಲಿ ಮತ್ತೆ ಶಕ್ತಿನಗರದ ಸೇತುವೆಗೆ ಬರೋಣ. ಮೇಲೆ ಹೇಳಿದ ತಾಲ್ಲೂಕುಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ಕೇರಳ ಇದೆ, ಮಹಾರಾಷ್ಟ್ರ ಇದೆ. ಕೃಷ್ಣೆಯ ಆಚೆ ದಂಡೆ ಇಲ್ಲ. ಶಕ್ತಿನಗರದ ಚಿಮಣಿಯ ಹೊಗೆ ಮನೆಯಂಗಳದಿಂದ ಕಾಣುವ ಕನ್ನಡಿಗನಿಗೆ ನಮ್ಮ ಕಾಸರಗೋಡಿನವರಿಗಿರುವ ಸೌಲಭ್ಯವಿಲ್ಲ. ಅವನಿಗೆ ಉಳಿದಿರುವುದು ಮಗುವನ್ನು ಸೇತುವೆ ದಾಟಿಸಿ ಏಳು ವರ್ಷ ಈಚೆ ದಂಡೆಯಲ್ಲಿ ಓದಿಸುವುದು, ಇಲ್ಲವೆ ಹೊರನಾಡ ಕನ್ನಡಿಗರಿಗೆಂದು ಇರುವ ಬೇರೆ ಕಲಮಿನ ಷರತ್ತುಗಳು ತನಗೆ ಹೊಂದುತ್ತವೆಯೇ ಎಂದು ಆಯಾ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳುವುದು. ಅದಕ್ಕೂ ಕನ್ನಡ ಪರೀಕ್ಷೆ ಉಂಟು. ಪಟ್ಟಿಗೆ ಈ ಹಳ್ಳಿಗಳೂ ಸೇರಬೇಕು ಎಂಬುದು ನಮ್ಮ ಅಭಿಪ್ರಾಯ. 1956ರಲ್ಲಿ ಗೆರೆ ಎಳೆದವರು ಮನೆಮಾತು ಕೇಳಿ ಎಳೆಯಲಿಲ್ಲ.

ಸೇತುವೆ ದಾಟಿಸುವುದರಲ್ಲಿಯೂ ಒಂದು ತೊಡಕಿದೆ. ಸಂವಿಧಾನದ 371-ಡಿ ವಿಧಿ ಆಂಧ್ರಕ್ಕೆ 1973ರಲ್ಲಿ ಬಂದದ್ದು, ಈಗ ತೆಲಂಗಾಣಕ್ಕೂ ಇದೆ. ಅದರ ಪ್ರಕಾರ ಅಲ್ಲಿಯ ಸ್ಥಳೀಯ ಅಭ್ಯರ್ಥಿ ಎನ್ನಿಸಿಕೊಳ್ಳಲು ಮುಖ್ಯ ದಾರಿಯೆಂದರೆ ಅರ್ಹತಾ ಪರೀಕ್ಷೆಯವರೆಗಿನ ಸತತ ನಾಲ್ಕು ವರ್ಷ ಅಲ್ಲಿಯೇ ಓದುವುದು. ರಾಯಚೂರಿನಲ್ಲಿ ಪಿ.ಯು.ಸಿ. ಓದಿದವನು ಈ ಬಾಗಿಲು ತೆರೆಸಿಕೊಳ್ಳುವಾಗ ಆ ಬಾಗಿಲನ್ನು ಎಳೆದುಕೊಂಡು ಬಂದಿರುತ್ತಾನೆ. ನಮ್ಮ ಕಡೆಯಲ್ಲೂ ಇಂಥದೇ ಒಂದು ಇದೆ. ಸುರತ್ಕಲ್ಲು, ಕಲ್ಲಿಕೋಟೆಯ ಎನ್.ಐ.ಟಿ.ಗಳಲ್ಲಿ ಅರ್ಧ ಸೀಟು ಆಯಾ ರಾಜ್ಯದವರಿಗೆ. ಯಾವ ರಾಜ್ಯದವನು ಎಂದು ತೀರ್ಮಾನಿಸುವುದು ಹನ್ನೆರಡನೇ ತರಗತಿ ಎಲ್ಲಿ ಪಾಸಾದ ಎಂಬುದರ ಮೇಲೆ. ಮಂಗಳೂರಿನಲ್ಲಿ ಪಿ.ಯು.ಸಿ. ಮಾಡಿದ ಕಾಸರಗೋಡಿನ ಹುಡುಗ ಸುರತ್ಕಲ್ಲಿಗೆ ಸ್ವಂತ ರಾಜ್ಯದವನು, ಕಲ್ಲಿಕೋಟೆಗೆ ಪರಕೀಯ. ಮನೆಯವರು ಕೂತು ಯೋಚಿಸಿ ಒಂದು ಕಡೆ ನಿಲ್ಲಬೇಕು.

ಇನ್ನು ಶಕ್ತಿನಗರದಲ್ಲಿ ನೆಲೆಸಿದ ನಮ್ಮವರ ಮಕ್ಕಳ ಸಂಗತಿ. 2012ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ 98ನೆಯ ತಿದ್ದುಪಡಿಯಿಂದ 371-ಜೆ ವಿಧಿ ಬಂತು. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ಈಗ ಬಳ್ಳಾರಿಯಿಂದ ಬೇರೆಯಾದ ವಿಜಯನಗರ, ಇಷ್ಟು ಜಿಲ್ಲೆಗಳ ಕಾಲೇಜುಗಳಲ್ಲಿ ನೂರಕ್ಕೆ 70 ಸೀಟು ಆ ಪ್ರದೇಶದವರಿಗೆ. ಅಲ್ಲದೆ ರಾಜ್ಯದ ಉಳಿದ ಕಡೆಯ ಸಂಸ್ಥೆಗಳಲ್ಲಿ ನೂರಕ್ಕೆ 8. ಹುಟ್ಟಿನಿಂದ ಅಥವಾ ವಾಸದಿಂದ ಆ ಪ್ರದೇಶಕ್ಕೆ ಸೇರಿದವರು ಎಂದು ವಿಧಿಯಲ್ಲಿಯೇ ಬರೆದಿದೆ. ಅಜ್ಜ ಸಾಗರದವರೋ ಕೊಪ್ಪದವರೋ ಎಂಬ ಪ್ರಶ್ನೆಯಿಲ್ಲ. ಶಕ್ತಿನಗರದ ಕಾಲೊನಿಯಲ್ಲಿ ಹುಟ್ಟಿ ಬೆಳೆದ ನಿಮ್ಮ ತಮ್ಮನ ಮಗಳು ಸಹಾಯಕ ಆಯುಕ್ತರಿಂದ ಅರ್ಹತಾ ಪತ್ರ ಪಡೆದರೆ, ರಾಯಚೂರಿನ ವೈದ್ಯಕೀಯ ಕಾಲೇಜಿನಲ್ಲಿ ಆ 70ರೊಳಗೆ, ಶಿವಮೊಗ್ಗದಲ್ಲಿ ಆ 8ರೊಳಗೆ ಸ್ಪರ್ಧಿಸಬಹುದು. ತೋಟದ ಮನೆಯಲ್ಲಿ ಬೆಳೆದ ಅವಳ ದೊಡ್ಡಪ್ಪನ ಮಗನಿಗೆ ರಾಯಚೂರಿನಲ್ಲಿ ಉಳಿದ 30ರಲ್ಲಿ ಮಾತ್ರ ಅವಕಾಶ. ಒಂದೇ ಮನೆತನದ ಇಬ್ಬರ ನಡುವೆ ಇಷ್ಟು ಅಂತರ. ನಿವೃತ್ತಿಗೆ ಮುಂಚೆ ಊರಿಗೆ ಮರಳುವ ಆತುರದಲ್ಲಿ ಇರುವವರು, ಆ ಪತ್ರ ಕೈಯಲ್ಲಿದೆಯೇ ಎಂದು ನೋಡಿಕೊಂಡು ಗಂಟುಮೂಟೆ ಕಟ್ಟಲಿ.

ಬೆಳೆಗಾರರ ಮಕ್ಕಳಿಗೆ ರಾಯಚೂರಿನಲ್ಲಿ ಇನ್ನೊಂದು ಆಕರ್ಷಣೆ ಕೃಷಿ ವಿಶ್ವವಿದ್ಯಾನಿಲಯ. 2008ರಲ್ಲಿ ಸ್ವತಂತ್ರವಾದದ್ದು. ಇದಕ್ಕೆ ಕಾಸರಗೋಡಿನ ಮಗು ಎರಡು ಕಡೆಯಿಂದ ಬರಬಹುದು. ಗಡಿನಾಡ ಕಲಮಿನಲ್ಲಿ ಸಿ.ಇ.ಟಿ. ಮೂಲಕ ಬಂದರೆ ಕರ್ನಾಟಕದವರ ಸೀಟು, ಕರ್ನಾಟಕದವರ ಫೀಸು. ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಅಖಿಲ ಭಾರತ ಸೀಟುಗಳ ಮೂಲಕ ಬಂದರೆ (2023ರಿಂದ ಇದಕ್ಕೆ ಸಿ.ಯು.ಇ.ಟಿ. ಪರೀಕ್ಷೆ) ಹೊರರಾಜ್ಯದವನಾಗಿರುವುದೇ ಲಾಭ! ಸ್ವಂತ ರಾಜ್ಯ ಬಿಟ್ಟು ಬೇರೆ ರಾಜ್ಯದ ಕೃಷಿ ವಿಶ್ವವಿದ್ಯಾನಿಲಯ ಸೇರಿದವರಿಗೇ ಪರಿಷತ್ತು ರಾಷ್ಟ್ರೀಯ ಪ್ರತಿಭಾ ವಿದ್ಯಾರ್ಥಿವೇತನ ಕೊಡುತ್ತದೆ. ಪದವಿಯಲ್ಲಿ ತಿಂಗಳಿಗೆ 3,000 ರೂಪಾಯಿ. ದೇಶದ ಮಕ್ಕಳು ಒಂದೆಡೆ ಬೆರೆಯಲಿ ಎಂಬುದು ಅದರ ಉದ್ದೇಶ. ಕೊಡಗು, ಚಿಕ್ಕಮಗಳೂರಿನ ಮಕ್ಕಳು ಇದೇ ಪರೀಕ್ಷೆ ಬರೆದು ಕೇರಳದಲ್ಲೋ ತಮಿಳುನಾಡಿನಲ್ಲೋ ಓದಿದರೆ ಅವರಿಗೂ ಇದು ಸಿಗುತ್ತದೆ. ಓದಿನಲ್ಲಿ ಜಾರಿದರೆ ನಿಲ್ಲುತ್ತದೆ. ಕರ್ನಾಟಕದೊಳಗಿನವರಿಗೆ ರೈತರ ಮಕ್ಕಳ ಕೋಟಾ ಬೇರೆ ಇದೆ. ಅದಕ್ಕೆ ಹೊಲ ತೋಟದ ಕೆಲಸದ ತಿಳಿವಳಿಕೆಯ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ರಜೆಯಲ್ಲಿ ಬೋರ್ಡೊ ದ್ರಾವಣ ಕಲಸಲು ಕರೆದಾಗ ಮಗ ಮುಖ ಸಿಂಡರಿಸಿದರೆ ಈ ಪರೀಕ್ಷೆಯ ಹೆಸರು ಹೇಳಿ ನೋಡಿ.

ಪರಿಶಿಷ್ಟ ಜಾತಿ, ಪಂಗಡದ ಸದಸ್ಯರು ಎರಡು ಸಂಗತಿಗಳನ್ನು ಬಿಡಿಬಿಡಿಯಾಗಿ ತಿಳಿದಿರಬೇಕು. ಮೀಸಲಾತಿ ಗಡಿ ದಾಟುವುದಿಲ್ಲ. ಆಂಧ್ರದ ಪರಿಶಿಷ್ಟ ಪಂಗಡದ ವಿದ್ಯಾರ್ಥಿಯೊಬ್ಬ ಮುಂಬಯಿಯ ವೈದ್ಯಕೀಯ ಸೀಟಿಗೆ ಹಕ್ಕು ಕೇಳಿದಾಗ ಸುಪ್ರೀಂ ಕೋರ್ಟು 1990ರಲ್ಲಿ ಹಾಗೆಯೇ ತೀರ್ಪು ಕೊಟ್ಟಿದೆ. ಆದರೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಗಡಿ ದಾಟುತ್ತದೆ. ಕೇಂದ್ರದ ಆ ಯೋಜನೆಯಲ್ಲಿ ಹಣ ಕೊಡಬೇಕಾದದ್ದು ವಿದ್ಯಾರ್ಥಿಯ ಸ್ವಂತ ರಾಜ್ಯ, ಕಾಲೇಜು ಇರುವ ರಾಜ್ಯವಲ್ಲ. ಮಂಗಳೂರಿನಲ್ಲಿ ಓದುವ ಕಾಸರಗೋಡಿನ ಮಗು ಅರ್ಜಿ ಹಾಕಬೇಕಾದದ್ದು ಕೇರಳಕ್ಕೆ. ಇಲ್ಲಿ ಹಾಕಿ ತಿರಸ್ಕೃತವಾಯಿತೆಂದು ಕೈಚೆಲ್ಲಬಾರದು.

ಕರ್ನಾಟಕದ ಒಳಗೇ ಇರುವ ನಮ್ಮ ಮಲೆನಾಡಿನ ಸದಸ್ಯರು ಇದೆಲ್ಲ ಗಡಿಯವರ ಪಾಡು ಎಂದು ಪುಟ ಮಗುಚಬಾರದು. ಸಿ.ಇ.ಟಿ.ಯಲ್ಲಿ ನೂರಕ್ಕೆ 15 ಸೀಟು ಗ್ರಾಮೀಣ ಅಭ್ಯರ್ಥಿಗಳಿಗೆ. ಒಂದರಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ರಾಜ್ಯದ ಗ್ರಾಮಾಂತರ ಶಾಲೆಗಳಲ್ಲಿ ಓದಿರಬೇಕು. ಕನ್ನಡ ಮಾಧ್ಯಮಕ್ಕೆ 5, ಅದಕ್ಕೂ ಹತ್ತು ವರ್ಷ. ಎಂಟು ವರ್ಷ ಊರ ಶಾಲೆಯಲ್ಲಿದ್ದು ಕೊನೆಯ ಎರಡು ವರ್ಷಕ್ಕೆ ಪೇಟೆಯ ಶಾಲೆಗೆ ಸೇರಿಸಿದವರು ಎಂಟು ವರ್ಷದ ಫಲವನ್ನು ಬಿಟ್ಟುಕೊಟ್ಟಂತೆ. ಪೇಟೆಯ ಶಾಲೆ ಅಷ್ಟರಮಟ್ಟಿಗೆ ಮೇಲೆಂದು ಖಚಿತವಿದ್ದರೆ ಮಾತ್ರ ಹೋಗಬೇಕು.

ಕೊನೆಯದಾಗಿ ಕಾಗದಪತ್ರ. ಈಗ ಬಹಳಷ್ಟು ಮಕ್ಕಳ ಶಾಲಾ ವಿವರ ಎಸ್.ಎ.ಟಿ.ಎಸ್. ಸಂಖ್ಯೆಯ ಮೂಲಕ ಕಂಪ್ಯೂಟರಿನಲ್ಲಿ ಸಿಗುತ್ತದೆ. ಅದರಲ್ಲಿ ಒಂದು ವರ್ಷ ಬಿಟ್ಟುಹೋಗಿದ್ದರೆ, ಊರಿನ ಹೆಸರು ತಪ್ಪಿದ್ದರೆ ತಿದ್ದಿಸಲು ಶಾಲೆಯಲ್ಲಿರುವಾಗಲೇ ಸುಲಭ. ಕೈಬರಹದ ವ್ಯಾಸಂಗ ಪ್ರಮಾಣಪತ್ರವಾದರೆ ಮುಖ್ಯೋಪಾಧ್ಯಾಯರ ಸಹಿಯ ಜೊತೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಬೇಕು. ಬೇರೆ ಬೇರೆ ಶಾಲೆಗಳಲ್ಲಿ ಓದಿದ್ದರೆ ಪ್ರತಿಯೊಂದಕ್ಕೂ ಬೇರೆ. ನಿಯಮಗಳ ಪೂರ್ಣ ಪಾಠ ಪ್ರತಿ ವರ್ಷ ಪರೀಕ್ಷಾ ಪ್ರಾಧಿಕಾರದ ಕೈಪಿಡಿಯಲ್ಲಿ ಬರುತ್ತದೆ. ಏಜೆಂಟರ ಮಾತು ಕೇಳುವ ಮುಂಚೆ ಅದನ್ನು ತರಿಸಿ ಓದಿ. ಮಗು ಈ ಜೂನಿನಲ್ಲಿ ಐದನೇ ತರಗತಿಗೆ ಕಾಲಿಟ್ಟಿದ್ದರೆ ನಿಮಗೆ ಯೋಚಿಸಲು ಇನ್ನೂ ಒಂದು ಮಳೆಗಾಲದಷ್ಟು ಸಮಯವಿದೆ.